ವಿಶ್ವಣ್ಣ ಆರಿಸಿದ ಕಾರು

"ತಗಡು ಮಾರಾಯ, ಬರೀ ತಗಡು!"

ಹೀಗೆ ಹೇಳಿದವರ ಎಡಗೈಯಲ್ಲಿ ಪಾಯಸದ ಲೋಟವಿತ್ತು. ಬಲಗೈಯ ಗೆಣ್ಣಿನಿಂದ ಪಕ್ಕದಲ್ಲಿದ್ದ ಯಾರದೋ ಕಾರಿನ ಬಾನೆಟ್ಟನ್ನು ಟಕ್ ಟಕ್ ಎಂದು ಬಡಿದು ತೋರಿಸಿದರು. ಸುತ್ತ ನಿಂತವರು ತಲೆಯಾಡಿಸಿದರು.

ಅದು ಪಡೀಲಿನ ಹತ್ತಿರದ ಒಂದು ಹಾಲ್. ಸುಮತಿಯಕ್ಕನ ಉತ್ತರಕ್ರಿಯೆ. ಊಟ ಮುಗಿಸಿದ ಗಂಡಸರೆಲ್ಲ ಪಾರ್ಕಿಂಗಿನಲ್ಲಿ ನೆರಳು ಹುಡುಕಿ ನಿಂತಿದ್ದರು. ಸತ್ತವರ ಬಗ್ಗೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಮಾತು ಕಾರಿಗೆ ಹೊರಳಿತ್ತು. ಸುಮತಿಯಕ್ಕ ತೀರಿಹೋದದ್ದು ಕಾರು ಅಪಘಾತದಲ್ಲಿ. ಹಾಗಾಗಿ ವಿಷಯಾಂತರವೂ ಅಲ್ಲ ಅನ್ನಿ.

"ಜಪಾನಿನವರದ್ದು ಮೈಲೇಜಿಗೆ ಒಳ್ಳೆದು. ಪ್ರಾಣಕ್ಕೆ ಅಲ್ಲ."

"ನನ್ನ ಹತ್ರ ಅದೇ ಕಂಪನಿದು ಹನ್ನೆರಡು ವರ್ಷದಿಂದ ಉಂಟು. ಇಂಜಿನ್ ಬೆಣ್ಣೆ! ಆದ್ರೆ ಡೋರ್ ಹಾಕುವಾಗ ಡಬ್ಬಿ ಮುಚ್ಚಿದ ಹಾಗೆ ಕೇಳ್ತದೆ."

"ಎಸಿ ಮಾತ್ರ ಸೂಪರ್. ಮಾರುವಾಗಲೂ ರೇಟ್ ಬರ್ತದೆ."

"ಏರ್‌ಬ್ಯಾಗ್ ಓಪನ್ ಆಗಿಯೂ ಜನ ಸತ್ರೆ ಅದೆಂತ ಕಾರು ಮಾರ್ರೆ?"

ಕಾರಿನ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ನಮ್ಮ ಮಂಗಳೂರಿನಲ್ಲಿ ಇದ್ದಾನೆಯೇ? (ಕಾರಿಲ್ಲದವನಿಗೆ ಒಂದು ಅಭಿಪ್ರಾಯ ಹೆಚ್ಚೇ ಇರುತ್ತದೆ. ನನಗೆ ಗೊತ್ತು, ನನ್ನ ಹತ್ತಿರ ಕಾರಿಲ್ಲ.) ಅಷ್ಟರಲ್ಲಿ ಒಬ್ಬರು ದನಿ ತಗ್ಗಿಸಿ ಕೇಳಿದರು. "ಆ ಕಾರೇ ತಗೊಳ್ಳಿ ಅಂತ ಹೇಳಿದ್ದು ವಿಶ್ವ ಅಲ್ವಾ?"

ತಗ್ಗಿಸಿದ ದನಿಗಳು ಬಹಳ ದೂರ ಕೇಳಿಸುತ್ತವೆ. ಹಾಲ್‌ನ ಬದಿಯ ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದ ವಿಶ್ವಣ್ಣ ನಳ್ಳಿ ಬಂದ್ ಮಾಡಿದರು. ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಗೇಟಿನ ಕಡೆ ನಡೆದರು. ನಾನು ಹಿಂದೆಯೇ ಹೋದೆ.

ವಿಶ್ವಣ್ಣ ಯಾರೆಂದು ಹೇಳಬೇಕು. ಬೋಳಾರದಲ್ಲಿ ನಮ್ಮದು ಎದುರು ಬದುರು ಮನೆ. ಗಲ್ಫಿನಲ್ಲಿ ಆ ಜಪಾನಿ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಸುಮತಿಯಕ್ಕ ಅವರ ಒಬ್ಬಳೇ ತಂಗಿ. ಅಂದರೆ ಆ ಪಾರ್ಕಿಂಗಿನಲ್ಲಿ ನಿಂತವರು ಒಬ್ಬ ಅಣ್ಣನಿಗೆ, ತಂಗಿಯ ಉತ್ತರಕ್ರಿಯೆಯ ದಿನ, 'ನೀನೇ ಕೊಂದದ್ದು' ಎಂದು ಹೇಳದೇ ಹೇಳುತ್ತಿದ್ದರು.

ನಮ್ಮ ಕಡೆ ಯಾರು ಕಾರು ತೆಗೆಯುವುದಿದ್ದರೂ ಮೊದಲು ವಿಶ್ವಣ್ಣನಿಗೆ ಒಂದು ಫೋನ್ ಹೋಗುತ್ತಿತ್ತು. ಅವರು ಉತ್ತರ ಕೊಡುವ ಮೊದಲು ಪ್ರಶ್ನೆ ಕೇಳುತ್ತಿದ್ದರು. ಮನೆಯಲ್ಲಿ ಎಷ್ಟು ಜನ? ಘಾಟಿಗೆ ಹೋಗ್ತೀರಾ? ಓಡಿಸುವುದು ಯಾರು? ಕೊನೆಗೆ ಹೆಚ್ಚಿನ ಸಲ ಅದೇ ಜಪಾನಿ ಕಂಪನಿಯ ಯಾವುದಾದರೊಂದು ಕಾರಿಗೆ ಬಂದು ನಿಲ್ಲುತ್ತಿದ್ದರು. ನಾವು ನಗುತ್ತಿದ್ದೆವು. "ಉಪ್ಪು ತಿಂದದ್ದಲ್ವಾ ವಿಶ್ವಣ್ಣ?" ಎಂದರೆ ಅವರೂ ನಗುತ್ತಿದ್ದರು.

ಆ ಕಂಪನಿಯ ಕಥೆ ಹೇಳುವುದೆಂದರೆ ಅವರಿಗೆ ಇಷ್ಟ. ಕಂಪನಿಯವರು ಮೊದಲು ಮಾಡುತ್ತಿದ್ದದ್ದು ಕಾರಲ್ಲ, ಬಟ್ಟೆ ನೇಯುವ ಮಗ್ಗ. ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗ! ಆಮೇಲೆ ಕಾರು, ಯುದ್ಧ ಕಾಲದಲ್ಲಿ ಲಾರಿ. ಯುದ್ಧದ ನಂತರ ಕಂಪನಿ ಮುಳುಗುವ ಹಂತಕ್ಕೆ ಬಂತು. ಮುಷ್ಕರ ಆಯಿತು. ಯಜಮಾನನೇ ರಾಜೀನಾಮೆ ಕೊಟ್ಟ. ಅಮೆರಿಕಕ್ಕೆ ಮೊದಲು ಕಳುಹಿಸಿದ ಕಾರು ಅಲ್ಲಿನ ಏರು ಹತ್ತಲಾರದೆ ಏದುಸಿರು ಬಿಟ್ಟು ಮರ್ಯಾದೆ ಕಳೆಯಿತು. ಅಲ್ಲಿಂದ ಎದ್ದು ಬಂದವರು ಇವರು.

"ಅವರ ಫ್ಯಾಕ್ಟರಿಯಲ್ಲಿ ಒಂದು ಹಗ್ಗ ಉಂಟು ಮಾರಾಯ" ಎನ್ನುತ್ತಿದ್ದರು. "ಎಂತದೋ ಸರಿ ಇಲ್ಲ ಅಂತ ಕಂಡ್ರೆ ಯಾವ ಕೆಲಸದವನೂ ಹಗ್ಗ ಎಳೀಬಹುದು. ಇಡೀ ಲೈನ್ ನಿಲ್ತದೆ. ಯಾಕೆ ನಿಲ್ಸಿದ್ದು ಅಂತ ಯಾರೂ ಬೈಯುವುದಿಲ್ಲ."

ಕಂಪನಿಯ ತಪ್ಪುಗಳನ್ನೂ ಮುಚ್ಚಿಡುತ್ತಿರಲಿಲ್ಲ. ಯಾವಾಗ ರಾಶಿ ರಾಶಿ ಕಾರು ವಾಪಸು ಕರೆಸಿದರು, ದೊಡ್ಡ ಮನುಷ್ಯರು ಕ್ಯಾಮೆರಾ ಮುಂದೆ ಹೇಗೆ ತಲೆ ಬಗ್ಗಿಸಿ ಕ್ಷಮೆ ಕೇಳಿದರು, ಎಲ್ಲವನ್ನೂ ಹೇಳುತ್ತಿದ್ದರು.

ತಂಗಿಯ ಗಂಡ ದಾಮೋದರಣ್ಣ ಬಂದರಿನ ಕೆಲಸದಿಂದ ನಿವೃತ್ತರಾದಾಗ ಕಾರು ಆರಿಸಿಕೊಟ್ಟದ್ದೂ ವಿಶ್ವಣ್ಣನೇ. ಬಿಳಿ ಬಣ್ಣದ್ದು. "ಎರಡು ಏರ್‌ಬ್ಯಾಗ್ ಇರುವುದನ್ನೇ ತಗೊಳ್ಳಿ ಭಾವ" ಎಂದು ಹಟ ಹಿಡಿದು ಮೇಲಿನ ಮಾಡೆಲ್ ಕೊಡಿಸಿದ್ದರು. ಸುಮತಿಯಕ್ಕನಿಗೆ ಆ ಕಾರೆಂದರೆ ಪ್ರಾಣ. ಕುಳ್ಳಗಿನ ಗುಂಡು ಹೆಂಗಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಮುಂದಿನ ಸೀಟಿನಲ್ಲಿ ಕೂತು, ಗ್ಲಾಸ್ ಇಳಿಸಿ, ದಾರಿಯಲ್ಲಿ ಕಂಡವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದರು. ಮಂಗಳಾದೇವಿ ಗುಡಿಗೆ ಬಂದಾಗೆಲ್ಲ ಅಣ್ಣನ ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯದೆಯೇ ಹಾರ್ನ್ ಹೊಡೆಸುತ್ತಿದ್ದರು. ನಮ್ಮ ಇಡೀ ರಸ್ತೆಗೆ ಗೊತ್ತಾಗುತ್ತಿತ್ತು, ವಿಶ್ವಣ್ಣನ ತಂಗಿ ಬಂದಿದ್ದಾರೆಂದು.

ಅಪಘಾತ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಬಂಟ್ವಾಳದ ಕಡೆ ಒಂದು ಗೃಹಪ್ರವೇಶಕ್ಕೆ ಗಂಡ ಹೆಂಡತಿ ಹೊರಟಿದ್ದರು. ಮನೆ ಬಿಟ್ಟು ಸ್ವಲ್ಪ ದೂರವೂ ಹೋಗಿರಲಿಲ್ಲ, ಒಂದು ಟೆಂಪೋ ಸಿಗ್ನಲ್ ಕೊಡದೆ ಅಡ್ಡಕ್ಕೆ ತಿರುಗಿತು. ದಾಮೋದರಣ್ಣ ತಪ್ಪಿಸಲು ಹೋಗಿ ಡಿವೈಡರಿಗೆ ಗುದ್ದಿದರು. ಬಹಳ ಸ್ಪೀಡೇನೂ ಇರಲಿಲ್ಲ. ಎರಡೂ ಏರ್‌ಬ್ಯಾಗ್ ತೆರೆದುಕೊಂಡವು. ದಾಮೋದರಣ್ಣನಿಗೆ ಭುಜದ ಎಲುಬು ಮುರಿಯಿತು, ಅಷ್ಟೇ. ಸುಮತಿಯಕ್ಕನ ಕುತ್ತಿಗೆಗೂ ತಲೆಗೂ ಪೆಟ್ಟು. ಫಳ್ನೀರಿನ ಆಸ್ಪತ್ರೆಯ ಐಸಿಯುವಿನಲ್ಲಿ ಎರಡು ದಿನ ಇದ್ದರು. ಕಣ್ಣು ಬಿಡಲಿಲ್ಲ.

ಒಂದೇ ಕಾರು. ಒಂದೇ ಗುದ್ದು. ಒಬ್ಬರು ಬದುಕಿದರು, ಒಬ್ಬರು ಹೋದರು. ಯಾಕೆ?

ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಕಾಡಿದ್ದು ಮಗಳು ದೀಪ್ತಿಯನ್ನು. ಆಕೆ ಇಲ್ಲಿನ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತಾಳೆ. ಮದುವೆಯಾಗಿಲ್ಲ, ಅಪ್ಪ ಅಮ್ಮನ ಜೊತೆಗೇ ಇದ್ದವಳು. ಅಮ್ಮ ಹೋದ ಮೇಲೆ ಫೋನ್ ಹಿಡಿದು ಕೂತವಳು ಆ ಕಾರಿನ ಓನರ್‌ಗಳು ಬರೆದದ್ದನ್ನೆಲ್ಲ ಓದಿದಳು. ಒಬ್ಬ ಐದು ಸ್ಟಾರ್ ಕೊಟ್ಟಿರುತ್ತಾನೆ, ಅದರ ಕೆಳಗೇ ಇನ್ನೊಬ್ಬ 'ಶವಪೆಟ್ಟಿಗೆ' ಎಂದು ಬರೆದಿರುತ್ತಾನೆ. ದುಃಖದಲ್ಲಿರುವವರಿಗೆ ಯಾವುದು ಕಣ್ಣಿಗೆ ಬೀಳುತ್ತದೆ ಹೇಳಿ?

ಕಂಪನಿಯ ಮೇಲೆ ಕೇಸು ಹಾಕುವುದೆಂದು ದೀಪ್ತಿ ತೀರ್ಮಾನಿಸಿದಳು. ಅದಕ್ಕೆ ಅವಳಿಗೆ ಬೇಕಾದದ್ದು, ಆ ಕಂಪನಿಯ ಕಾರುಗಳನ್ನು ಒಳಗೂ ಹೊರಗೂ ಬಲ್ಲ ಒಬ್ಬ ಮನುಷ್ಯನ ಮಾತು. ಬೋಳಾರಕ್ಕೆ ಬಂದಳು. ನಾನೂ ಅಲ್ಲಿದ್ದೆ.

"ಮಾವ, ಅಮ್ಮನ ಬದಿಯ ಏರ್‌ಬ್ಯಾಗ್ ಸರಿ ಇರ್ಲಿಲ್ಲ ಅಂತ ನೀವು ಹೇಳ್ಬೇಕು. ನೀವು ಹೇಳಿದ್ರೆ ಅದಕ್ಕೊಂದು ತೂಕ ಉಂಟು."

"ಕೇಸು ಬೇಡ ಮಗಾ."

"ಯಾಕೆ?"

"ಬೇಡ ಅಂದ್ರೆ ಬೇಡ."

"ಕಾರಣ ಹೇಳಿ ಮಾವ. ಕಾರು ಸರಿ ಇತ್ತು ಅಂತ ಹೇಳ್ತೀರಾ? ಹಾಗಾದ್ರೆ ಅಮ್ಮ ಯಾಕೆ ಸತ್ತದ್ದು?"

ದೀಪ್ತಿ ಎದ್ದು ನಿಂತಳು.

"ಎಲ್ರೂ ಹೇಳುವುದು ನಿಜ. ನಿಮಗೆ ತಂಗಿಗಿಂತ ಆ ಕಂಪನಿಯೇ ಹೆಚ್ಚು."

ಚಪ್ಪಲಿ ಮೆಟ್ಟಿ ಹೋಗಿಯೇ ಬಿಟ್ಟಳು. ನನಗೆ ತಡೆಯಲಾಗಲಿಲ್ಲ. "ಎಂತ ವಿಶ್ವಣ್ಣ ಇದು? ಆ ಹುಡುಗಿಗೆ ಒಂದು ಉತ್ತರವಾದರೂ ಕೊಡಬಾರದಾ?" ಎಂದೆ. ಅವರು ಎದ್ದು ಶರ್ಟು ಹಾಕಿಕೊಂಡರು. ಆಮೇಲೆ "ಬಾ" ಎಂದರು.

ಕರೆದುಕೊಂಡು ಹೋದದ್ದು ಪೊಲೀಸ್ ಠಾಣೆಯ ಹಿಂದಿನ ಜಾಗಕ್ಕೆ. ಅಲ್ಲಿ ಅಪಘಾತದ ವಾಹನಗಳನ್ನು ತಂದು ನಿಲ್ಲಿಸುತ್ತಾರೆ. ತುಕ್ಕು ಹಿಡಿದ ಬೈಕುಗಳು, ಮಗುಚಿದ ರಿಕ್ಷಾ, ನಡುವೆ ಹುಲ್ಲು. ಬಿಳಿ ಕಾರು ಒಂದು ಬದಿಗಿತ್ತು. ಮೂತಿ ಮಾತ್ರ ಜಜ್ಜಿ ಹೋಗಿತ್ತು. ಒಳಗೆ ಕೂರುವ ಜಾಗ ಹಾಗೆಯೇ ಇತ್ತು. ಬಾಗಿಲು ಕೂಡ ಸಲೀಸಾಗಿ ತೆರೆಯಿತು.

"ಸಾಮಾನು ತೆಗೀಲಿಕ್ಕೆ ನಾನೇ ಬಂದದ್ದು" ಎಂದರು ವಿಶ್ವಣ್ಣ. "ಅವಳ ಚಪ್ಪಲಿ, ಕೊಡೆ, ಗೃಹಪ್ರವೇಶಕ್ಕೆ ತಗೊಂಡ ಗಿಫ್ಟ್. ಆಗ ನೋಡಿದೆ."

ಬಗ್ಗಿ, ಮುಂದಿನ ಎಡಗಡೆಯ ಸೀಟಿನ ಬದಿ ತೋರಿಸಿದರು. ಸೀಟ್ ಬೆಲ್ಟಿನ ನಾಲಗೆ ಸಿಕ್ಕಿಸುವ ಜಾಗ. ಅಲ್ಲಿ ಬೆಲ್ಟ್ ಇರಲಿಲ್ಲ. ಬೆರಳುದ್ದದ ಒಂದು ಕ್ಲಿಪ್ ಸಿಕ್ಕಿಸಲಾಗಿತ್ತು. ಥಳಥಳ ಹೊಳೆಯುವ ಸ್ಟೀಲ್, ಮೇಲೆ ಆ ಕಂಪನಿಯದೇ ಲಾಂಛನದ ನಕಲು.

ನೀವೂ ಇದನ್ನು ನೋಡಿರುತ್ತೀರಿ. ಬೆಲ್ಟ್ ಹಾಕದೆ ಕೂತರೆ ಕಾರು ಬೀಪ್ ಬೀಪ್ ಎನ್ನುತ್ತದಲ್ಲ, ಆ ಬಾಯಿ ಮುಚ್ಚಿಸುವ ಸಾಧನ. ಇದನ್ನು ಸಿಕ್ಕಿಸಿದರೆ ಕಾರು ಪಾಪ, ಬೆಲ್ಟ್ ಹಾಕಿದ್ದಾರೆ ಎಂದು ನಂಬಿ ಸುಮ್ಮನಾಗುತ್ತದೆ.

"ಮೊದ್ಲು ಬೆಲ್ಟ್ ಮನುಷ್ಯನನ್ನು ಹಿಡ್ಕೊಳ್ಬೇಕು, ಆಮೇಲೆ ಏರ್‌ಬ್ಯಾಗ್" ಎಂದರು ವಿಶ್ವಣ್ಣ. "ಬೆಲ್ಟ್ ಇಲ್ಲದಿದ್ರೆ ಮನುಷ್ಯ ಮುಂದೆ ಹಾರ್ತಾನೆ, ಆ ಬ್ಯಾಗೇ ಬಂದು ಗುದ್ದುತ್ತದೆ. ಇವಳು ಮೊದ್ಲೇ ಕುಳ್ಳಿ, ಬ್ಯಾಗ್ ನೇರ ಕುತ್ತಿಗೆಗೇ."

"ಪೊಲೀಸರು ನೋಡಲಿಲ್ಲವಾ?"

"ನೋಡಿರ್ಬಹುದು. ಅವರ ಗಾಡಿಯಲ್ಲೂ ಇರ್ಬಹುದು."

ನನಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಕೇಸು ಹಾಕಿದರೆ ಕಂಪನಿಯವರು ಮೊದಲ ದಿನವೇ ಬಂದು ಈ ಕ್ಲಿಪ್ಪಿನ ಫೋಟೋ ತೆಗೆಯುತ್ತಾರೆ. ಕೋರ್ಟಿನಲ್ಲಿ ವಕೀಲನೊಬ್ಬ ಎದ್ದು ದಾಮೋದರಣ್ಣನನ್ನು ಕೇಳುತ್ತಾನೆ, ಇದನ್ನು ಇಲ್ಲಿಟ್ಟದ್ದು ಯಾರು ಎಂದು. ಎಲ್ಲರ ಎದುರು. ಮಗಳ ಎದುರು.

"ದೀಪ್ತಿಗೆ ಹೇಳಿದ್ರೆ ಅವಳಿಗೆ ಅಪ್ಪನೂ ಇಲ್ಲ ಅಂತ ಆಗ್ತದೆ" ಎಂದರು ವಿಶ್ವಣ್ಣ. "ಇದು ನನ್ನ ತಲೆಯ ಮೇಲೇ ಇರ್ಲಿ."

ಆದರೆ ದೀಪ್ತಿ ಬಿಡುವ ಪೈಕಿ ಅಲ್ಲ. ಮುಂದಿನ ವಾರವೇ ಮಾವನನ್ನು ತಮ್ಮ ಪಡೀಲಿನ ಮನೆಗೆ ಕರೆಸಿದಳು. ವಿಶ್ವಣ್ಣ ನನ್ನನ್ನೂ ಜೊತೆಗೆ ಬಾ ಎಂದರು. ಒಬ್ಬರೇ ಹೋಗಲು ಹೆದರಿದ್ದರು ಎಂದು ಕಾಣುತ್ತದೆ.

ಚಾವಡಿಯಲ್ಲಿ ದಾಮೋದರಣ್ಣ ಮುರಿದ ಭುಜದ ಕೈಗೆ ಬಟ್ಟೆಯ ಜೋಳಿಗೆ ಕಟ್ಟಿಕೊಂಡು ಕೂತಿದ್ದರು. ಗಡ್ಡ ಬೆಳೆದಿತ್ತು. ಸುಮತಿಯಕ್ಕನ ಫೋಟೋಕ್ಕೆ ಮಲ್ಲಿಗೆ ಹಾಕಲಾಗಿತ್ತು. ನಮ್ಮನ್ನು ನೋಡಿ "ಬನ್ನಿ" ಎಂದಷ್ಟೇ ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಕೇಳಿದವರಿಗೆಲ್ಲ 'ಕಾರು ತಗಡು' ಎಂದು ಮೊದಲು ಹೇಳಿದ್ದು ಅವರೇ ಎಂಬುದು ನಮಗೆ ಗೊತ್ತಿತ್ತು.

ದೀಪ್ತಿ ನೇರವಾಗಿ ವಿಷಯಕ್ಕೆ ಬಂದಳು. "ಮಾವ, ಲಾಯರ್ ಹತ್ರ ಮಾತಾಡಿ ಆಗಿದೆ. ಕಡೇ ಸಲ ಕೇಳ್ತೇನೆ. ನೀವು ನಮ್ಮ ಬದಿಗಾ, ಅವರ ಬದಿಗಾ?"

ವಿಶ್ವಣ್ಣ ತಂಗಿಯ ಫೋಟೋ ನೋಡಿದರು. ಆಮೇಲೆ ಭಾವನ ಮುಖ ನೋಡಿದರು.

"ನಾನು ಆರಿಸಿದ್ದೇ ತಪ್ಪು" ಎಂದರು. "ಕಾರು ಸರಿ ಇರ್ಲಿಲ್ಲ. ನಾನು ಸರಿಯಾಗಿ ನೋಡ್ಲಿಲ್ಲ. ಎಲ್ಲಿ ಬೇಕಾದ್ರೂ ಬಂದು ಅದನ್ನೇ ಹೇಳ್ತೇನೆ. ಆದ್ರೆ ಕೇಸು ಬೇಡ ಮಗಾ. ಬೈಯುವುದಿದ್ರೆ ನನ್ನನ್ನು ಬೈ. ನಾನು ಇದ್ದೇನಲ್ಲ?"

ಇಡೀ ಜೀವಮಾನದಲ್ಲಿ ಒಂದು ಕಾರಿನ ಬಗ್ಗೆ ಅವರು ಸುಳ್ಳು ಹೇಳಿದ್ದು ಅದೇ ಮೊದಲು. ದೀಪ್ತಿ ಗೊಂದಲದಿಂದ ಅವರನ್ನು ನೋಡುತ್ತಿದ್ದಳು. ಆಗ ಕುರ್ಚಿಯಲ್ಲಿದ್ದ ದಾಮೋದರಣ್ಣ ವಿಚಿತ್ರ ದನಿ ತೆಗೆದರು. ಮೊದಲು ಕೆಮ್ಮು ಎಂದುಕೊಂಡೆ. ಅಳು ಅದು.

"ಸಾಕು ಭಾವ" ಎಂದರು. "ನೀವು ನೋಡಿದ್ದೀರಿ ಅಂತ ನನಗೆ ಗೊತ್ತು. ಸಾಮಾನು ತಂದುಕೊಟ್ಟ ದಿನವೇ ನಿಮ್ಮ ಮುಖದಲ್ಲಿ ಕಂಡಿತು."

"ಎಂತ ನೋಡಿದ್ದು?" ದೀಪ್ತಿ ಕೇಳಿದಳು.

"ಕ್ಲಿಪ್" ಎಂದರು ದಾಮೋದರಣ್ಣ. "ಬೆಲ್ಟಿನ ಜಾಗದಲ್ಲಿ ನಾನು ಹಾಕಿದ್ದು. ಅವಳಿಗೆ ಬೆಲ್ಟ್ ಕುತ್ತಿಗೆಗೆ ಉಜ್ಜುತ್ತದೆ ಅಂತ ದಿನಾ ರಗಳೆ. ಸೀರೆ ಮುದುಡ್ತದೆ ಅಂತ ಒಂದು ರಗಳೆ. ಹಾಕದಿದ್ರೆ ಆ ಬೀಪ್. ಅಂಗಡಿಯಲ್ಲಿ ಕೇಳಿದೆ, ಕೊಟ್ಟ. ಹಾಕಿದ ದಿನ ಅವಳಿಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? 'ಅಬ್ಬ, ಈಗ ಸುಖ ಆಯ್ತು ನೋಡಿ' ಅಂದ್ಳು. ಹಾಗೇ ಹೇಳಿದ್ಳು. ಸುಖ ಆಯ್ತು ಅಂತ."

ದೀಪ್ತಿ ಅಮ್ಮನ ಫೋಟೋದ ಕಡೆ ತಿರುಗಿದಳು.

"ನಾನು ಬೆಲ್ಟ್ ಹಾಕಿದ್ದೆ" ಎಂದರು ಮತ್ತೆ, ತಮಗೇ ಹೇಳಿಕೊಂಡಂತೆ. "ಪೊಲೀಸ್ ಹಿಡೀತಾರೆ ಅಂತ ನಾನು ಹಾಕಿದ್ದೆ."

ದೀಪ್ತಿ ಎದ್ದಳು. ಅಪ್ಪನ ಹತ್ತಿರ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿಶ್ವಣ್ಣ ಕುರ್ಚಿ ಎಳೆದು ಭಾವನ ಪಕ್ಕದಲ್ಲಿ ಕೂತರು. ಪೆಟ್ಟಾಗದ ಕೈಯನ್ನು ಹಿಡಿದುಕೊಂಡರು. ಒಂದು ಮಾತೂ ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆನೇನೋ.

ವಾಪಸು ಬಸ್ಸಿನಲ್ಲಿ ಬಂದೆವು. (ತಂಗಿ ಹೋದ ಮೇಲೆ ವಿಶ್ವಣ್ಣ ಸ್ಟೀರಿಂಗ್ ಮುಟ್ಟಿಲ್ಲ.) ಕಂಕನಾಡಿ ಬಂದಾಗ ಕಿಟಕಿ ಕಡೆ ಮುಖ ಮಾಡಿಕೊಂಡೇ ಅಂದರು.

"ಆ ಬೆಲ್ಟನ್ನು ಕೆಳಗೆ ಇಳಿಸ್ಲಿಕ್ಕೆ ಆಗ್ತದೆ ಮಾರಾಯ. ಕುಳ್ಳಗೆ ಇದ್ದವರಿಗೆ ಅಂತಲೇ ಬಾಗಿಲಿನ ಬದಿಯ ಕಂಬದಲ್ಲಿ ಒಂದು ಬಟನ್ ಉಂಟು. ಒತ್ತಿ ಕೆಳಗೆ ಎಳೆದ್ರೆ ಆಯ್ತು. ಕುತ್ತಿಗೆಗೆ ತಾಗುವುದಿಲ್ಲ. ಎಷ್ಟು ಸಲ ನಮ್ಮ ಮನೆ ಮುಂದೆ ಬಂದು ಹಾರ್ನ್ ಹೊಡೆಸಿದ್ದಾಳೆ. ಒಂದ್ಸಲ ನನ್ನ ಹತ್ರ ಹೇಳಿದ್ರೆ..."

"ಭಾವನಿಗೆ ಇದನ್ನು ಹೇಳ್ಬೇಡ" ಎಂದರು ಬಸ್ಸಿಳಿಯುವಾಗ.

ಹೇಳಿರಲಿಲ್ಲ. ಈ ಬರಹಕ್ಕಾಗಿ ಹೇಳಬೇಕಾಯಿತು. ಬರೆಯಲು ಹೇಳಿದ್ದು ದಾಮೋದರಣ್ಣನೇ. "ನೀನು ವಾರ ವಾರ ಏನೇನೋ ಬರೀತೀಯಲ್ಲ, ಇದನ್ನೂ ಬರಿ. ಹೆಸರು ಮಾತ್ರ ಬದಲಿಸು, ಮಗಳಿಗೆ ಕಾಲೇಜಿನಲ್ಲಿ ತೊಂದರೆ ಆಗ್ಬಾರ್ದು" ಎಂದರು. ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳುವ ಮೊದಲು ಆ ಬಟನ್ನಿನ ಸಾಲನ್ನು ತೆಗೆಯಲೇ ಎಂದು ವಿಶ್ವಣ್ಣನನ್ನು ಕೇಳಿದೆ. ಅವರು ಬಹಳ ಯೋಚಿಸಿ, "ಇರ್ಲಿ. ಬೇರೆ ಯಾರಾದ್ರೂ ಕುಳ್ಳಗಿನವರು ಓದಿಯಾರು" ಎಂದರು. ದಾಮೋದರಣ್ಣ ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡರು. "ಹಾಗೇ ಇರ್ಲಿ" ಎಂದರು ಅವರೂ.

ಕೇಸು ಹಾಕಲಿಲ್ಲ. ಕಾರು ಗುಜರಿಗೆ ಹೋಯಿತು. ದೀಪ್ತಿ ಅದೇ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಅಪ್ಪನಿಗೆ ತಿಂಡಿ ಮಾಡಿಟ್ಟು ಕಾಲೇಜಿಗೆ ಹೋಗುತ್ತಾಳೆ, ಮಾತ್ರೆ ತಂದುಕೊಡುತ್ತಾಳೆ, ಡಾಕ್ಟರ ಬಳಿ ಕರೆದೊಯ್ಯುತ್ತಾಳೆ. ಮಾತು ಮಾತ್ರ ಬೇಕಾದಷ್ಟೇ. ಅಮ್ಮನ ಬಗ್ಗೆ ಇಲ್ಲವೇ ಇಲ್ಲ. ಮಾವನ ಬಳಿ ಕ್ಷಮೆ ಕೇಳಿದ್ದಾಳಂತೆ. ಅಪ್ಪನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳುವ ಧೈರ್ಯ ನಮಗಿಲ್ಲ. ವಿಶ್ವಣ್ಣ ಪ್ರತಿ ಭಾನುವಾರ ಪಡೀಲಿಗೆ ಹೋಗಿ ಭಾವನ ಜೊತೆ ಕೂತು ಬರುತ್ತಾರೆ. ಕಾರು ಕೊಳ್ಳುವವರ ಫೋನ್ ಈಗ ಅವರಿಗೆ ಬರುವುದಿಲ್ಲ. ಬಂದರೂ ತೆಗೆಯುವುದಿಲ್ಲ. ಪಾರ್ಕಿಂಗಿನಲ್ಲಿ ಪಾಯಸ ಕುಡಿದವರ ಪಾಲಿಗೆ ಇವತ್ತಿಗೂ ಅದು ತಗಡು, ಅದನ್ನು ಕೊಡಿಸಿದ್ದು ವಿಶ್ವ.

ಅಂದಿನಿಂದ ನನಗೊಂದು ಚಟ ಅಂಟಿಕೊಂಡಿದೆ. ಯಾರ ಕಾರು ಹತ್ತಿದರೂ ಮೊದಲು ಬೆಲ್ಟಿನ ಜಾಗ ನೋಡುತ್ತೇನೆ. ಎಷ್ಟೊಂದು ಕ್ಲಿಪ್ಪುಗಳು! ಸ್ಟೀಲಿನದು, ಕಪ್ಪು ಪ್ಲಾಸ್ಟಿಕ್ಕಿನದು, ಸೋಡಾ ಬಾಟಲಿ ತೆರೆಯಲೂ ಬರುವಂಥದ್ದು. ಡಾಕ್ಟರೊಬ್ಬರ ಕಾರಿನಲ್ಲಿ ಕಂಡೆ. ಕಟ್ಟಿಗೆ ಮಿಲ್ಲಿನ ಮಾಲಕರೊಬ್ಬರ ಜರ್ಮನ್ ಕಾರಿನಲ್ಲೂ ಕಂಡೆ, ಡೋರ್ ಹಾಕಿದರೆ ಬ್ಯಾಂಕಿನ ಲಾಕರ್ ಮುಚ್ಚಿದ ಹಾಗೆ ಕೇಳುವಂಥದ್ದು. ಯಾಕೆ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಕಿರಿಕಿರಿ ಮಾರಾಯ."

ಮೊನ್ನೆ ಕಾರಿನ ಸಾಮಾನು ಮಾರುವ ಒಂದು ಅಂಗಡಿಗೆ ಹೋದೆ. ಆ ಕ್ಲಿಪ್ ಉಂಟಾ ಎಂದು ಸುಮ್ಮನೆ ಕೇಳಿದೆ. ಅಂಗಡಿಯವರು ನಗುಮೊಗದ ಮನುಷ್ಯ. ಗಾಜಿನ ಕಪಾಟಿನಿಂದ ಡಬ್ಬಿ ತೆಗೆದು ನನ್ನ ಮುಂದಿಟ್ಟು, ಬಹಳ ವಿನಯದಿಂದ ಕೇಳಿದರು:

"ನಿಮಗೆ ಮಾತ್ರವಾ ಸರ್, ಮೇಡಮಿಗೂ ಬೇಕಾ?"